ಕರಿ ಹಾಳೆಯ ಕೆಳಗೆ ಹೂತ ಚಿಂದಿ

ನೌಕರಿಗೆ ಹೊಸದಾಗಿ ಸೇರಿದ ಇಬ್ಬರು ಮೂವರು ಈಚೆಗೆ ನನ್ನ ಮನೆಗೆ ಬಂದಿದ್ದರು. "ಹೊಲದಾಗಿನ ಕೆಲಸ ಹ್ಯಾಂಗಿರ್ತಾದ, ಹೇಳ್ರಿ ಕಾಕಾ" ಎಂದರು. ಚಹಾ ಕೊಟ್ಟು, ಭಾಳ ಚಲೋ ಕೆಲಸ ಎಂದು ಹೇಳಿ ಕಳಿಸಿಬಿಟ್ಟೆ. ಅವರು ಓಣಿಯ ತಿರುವು ದಾಟಿದ ಮೇಲೆ, ಹೇಳಬೇಕಾದದ್ದನ್ನು ಮತ್ತೆ ನುಂಗಿದೆನಲ್ಲ ಎಂದು ಕಸಿವಿಸಿಯಾಯಿತು. ನುಂಗುವುದು ನನ್ನ ಹಳೆಯ ಚಟ. ಅದರಿಂದ ಒಬ್ಬ ಹೆಣ್ಣುಮಗಳು ಊರು ಬಿಡಬೇಕಾಯಿತು. ಅದನ್ನೇ ಆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ, ಬಡ್ತಿಯ ಸುದ್ದಿ ಬರೆಯುವುದಿಲ್ಲ. ಬಡ್ತಿಯಿಂದ ನನಗೆ ಕೈಗಳಿರುವ ಕುರ್ಚಿ ಸಿಕ್ಕಿತು, ಅಷ್ಟೇ.

ನಾನು ಓದಿದ್ದು ಮ್ಯಾಟ್ರಿಕ್. ಸೇಡಂನಲ್ಲಿ ಬೇಸಾಯದ ಪ್ರಯೋಗಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಸಾಹೇಬರು ಹೇಳಿದ್ದನ್ನು ಹೊಲದಲ್ಲಿ ಮಾಡುವುದು, ಹೊಲದಲ್ಲಿ ಆದದ್ದನ್ನು ಸಾಹೇಬರಿಗೆ ಹಿತವಾಗುವಂತೆ ಹೇಳುವುದು ನನ್ನ ಕೆಲಸ. ವೈಷ್ಣವರ ಮನೆತನ, ಹಣೆಯ ಮೇಲೆ ಅಂಗಾರ ಅಕ್ಷತೆ, ಮೈಮೇಲೆ ಗೋಪಿಚಂದನದ ಮುದ್ರೆ. ಹಾಗಾಗಿ ಹೊಲಗಳಲ್ಲಿ ನನ್ನ ಹುದ್ದೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನಾನು "ಆಚಾರ್ರು".

ತೊಂಬತ್ತರ ದಶಕದ ಆರಂಭದಲ್ಲಿ ಕರಿ ಪ್ಲಾಸ್ಟಿಕ್ ಹಾಳೆಯ ಸುರುಳಿಗಳು ಬಂದವು. ಟಮಾಟಿ, ಮೆಣಸಿನಕಾಯಿ ಮಡಿಗಳ ಮೇಲೆ ಹಾಸಿ, ಅಂಚಿಗೆ ಮಣ್ಣು ಮುಚ್ಚಿ, ತೂತು ಮಾಡಿ ಸಸಿ ನೆಡಬೇಕು. ತೇವ ಉಳಿಯುತ್ತದೆ, ಕಳೆ ಬರುವುದಿಲ್ಲ. ಇದಕ್ಕೆ ಮಲ್ಚಿಂಗ್ ಎಂದು ಹೆಸರು. ಚಿತ್ತಾಪುರದ ಹತ್ತಿರ ಹಾಸಿ ಬಂದ ಹಾಳೆ ಮುಂದಿನ ವಾರ ನೋಡಿದರೆ ಮಡಿಯ ಮೇಲೆ ಇರಲಿಲ್ಲ. ರೈತನ ಮಗಳ ಮದುವೆಯ ಹಂದರದ ಮೇಲಿತ್ತು. ಕೇಳಿದರೆ ಆತ, "ಬೆಳಿಗಿ ಎರಡು ದಿನ ಬಿಸಲು ಬಡದ್ರ ಏನೂ ಆಗಂಗಿಲ್ರಿ ಆಚಾರ್ರೇ. ಬೀಗರ ತಲಿಮ್ಯಾಲ ಮಳಿ ಬಿದ್ರ ಜನಮ ಪೂರಾ ಆಡಿಕೊಂತಾರ. ಕುಂದ್ರಿ, ಊಟ ಮಾಡ್ಕೊಂಡು ಹೋಗ್ರಿ" ಎಂದ. ಊಟ ಮಾಡಿಕೊಂಡು ಬಂದೆ.

ರಾವೂರಿನಲ್ಲಿ ಇನ್ನೊಂದು. ಅಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳ ಧೂಳು ಬಿದ್ದು ಕರಿ ಹಾಳೆ ಸುಣ್ಣ ಹೊಡೆದಂತಾಗಿತ್ತು. ತಪಾಸಣೆಗೆ ಬಂದ ಹಿರಿಯ ಸಾಹೇಬರು ಜೀಪಿನಿಂದ ಇಳಿಯದೆ, "ಬಿಳಿ ಹಾಳೆ ಹಾಕಿದ್ದೀರಾ? ಒಳ್ಳೇದು, ಮಣ್ಣು ತಂಪಾಗಿರುತ್ತೆ" ಎಂದರು. ನಾನು "ಹೌದು ಸರ್" ಎಂದೆ. ವರದಿಯಲ್ಲಿ ಬಿಳಿ ಹಾಳೆಯ ಪ್ರಯೋಗ ಯಶಸ್ವಿ ಎಂದು ಬಂತು. ಅಂಥ ಹಾಳೆಯನ್ನು ನಾವು ಆವರೆಗೆ ಕಣ್ಣಿನಿಂದ ಕಂಡಿರಲಿಲ್ಲ.

ನಾಲ್ಕಾರು ವರ್ಷಗಳಲ್ಲಿ ಹಾಳೆಯ ನಿಜರೂಪ ತಿಳಿಯಿತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದಾಗ ಹಾಳೆಯೂ ಹರಿಯುತ್ತದೆ. ಕಿತ್ತು ತೆಗೆದರೂ ಅರ್ಧ ಮಣ್ಣಲ್ಲೇ ಉಳಿಯುತ್ತದೆ. ಪ್ರತಿ ಸಲ ನೇಗಿಲು ಹೊಡೆದಾಗಲೂ ಕರಿ ಚೂರುಗಳು ಮೇಲೆದ್ದು ಬರುತ್ತವೆ, ಬೇರುಗಳು ಅವಕ್ಕೆ ಸುತ್ತಿಕೊಳ್ಳುತ್ತವೆ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ಮುಟ್ಟುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇನ್ನೊಂದು ನಮೂನೆಯ ಹಾಳೆ ಬಂತು, ಮಣ್ಣಿನಲ್ಲಿ ಕರಗುತ್ತದಂತೆ. ಅದರ ಜೊತೆಗೇ ಮೈಸೂರು ಕಡೆಯಿಂದ ಹೊಸ ಸಾಹೇಬರೂ ಬಂದರು. ವಯಸ್ಸು ಸಣ್ಣದು, ಉಮೇದು ದೊಡ್ಡದು. ಬಂದವರೇ, "ಆಚಾರ್ಯರೇ, ಬೆಳೆ ಎಷ್ಟು ಬಂತು ಅನ್ನೋದನ್ನ ಎಲ್ಲರೂ ನೋಡ್ತಾರೆ. ಹಾಳೆ ಕೆಳಗಿನ ಜೀವಿಗಳು ಏನು ಮಾಡ್ತಿವೆ ಅಂತ ನಾವು ನೋಡೋಣ" ಎಂದರು.

ನೋಡುವ ರೀತಿ ಸರಳವಾಗಿತ್ತು. ಗಂಜಿ ಇಲ್ಲದ ಹತ್ತಿಬಟ್ಟೆಯ ಪಟ್ಟಿಗಳನ್ನು ತೂಗಿ ಮಣ್ಣಲ್ಲಿ ಹೂಳಬೇಕು. ಸೂಕ್ಷ್ಮಜೀವಿಗಳಿಗೆ ಹತ್ತಿಯ ನಾರು ಆಹಾರ. ಕೆಲವು ವಾರ ಬಿಟ್ಟು ತೆಗೆದು, ತೊಳೆದು, ಒಣಗಿಸಿ, ಮತ್ತೆ ತೂಗಬೇಕು. ಎಷ್ಟು ಬಟ್ಟೆ ಹೋಯಿತೋ ಅಷ್ಟು ಚುರುಕಾಗಿ ಆ ಮಣ್ಣು ಬದುಕಿದೆ ಎಂದು ಅರ್ಥ. ಕರಿ ಹಾಳೆಯ ಕೆಳಗೊಂದಿಷ್ಟು, ಕರಗುವ ಹಾಳೆಯ ಕೆಳಗೊಂದಿಷ್ಟು, ಬರೀ ಮಣ್ಣಲ್ಲಿ ಒಂದಿಷ್ಟು ಪಟ್ಟಿ.

ಹೊಲ ಸಿಕ್ಕಿದ್ದು ಸೇಡಂನಿಂದ ಬಸ್ಸಿನ ದಾರಿಯಲ್ಲಿ ಹತ್ತಿರವೇ ಇದ್ದ, ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ. ಶಿವಶರಣಪ್ಪ ಎಂಬ ರೈತನ ಟಮಾಟಿ ಹೊಲ. ಅವನ ತಾಯಿ ಗುರುಬಾಯಿ ಆ ಮನೆಯ ಯಜಮಾನಿ. ಹೊಸ ಹಾಳೆಯಲ್ಲಿ ಗೋವಿನಜೋಳದ ಹಿಟ್ಟು ಸೇರಿದೆ ಎಂದು ಸಾಹೇಬರು ವಿವರಿಸಿದಾಗ ಆಕೆ ಅಂಚಿನಿಂದ ಒಂದು ತುಣುಕು ಹರಿದು ಬಾಯಿಗೆ ಹಾಕಿಕೊಂಡು ಅಗಿದಳು.

"ಹ್ಯಾಂಗದ ಆಯಿ?" ಎಂದೆ.

"ಉಪ್ಪು ಬಿದ್ದಿಲ್ಲ," ಎಂದು ಉಗುಳಿದಳು.

ಇನ್ನು ಬಟ್ಟೆಯ ವಿಷಯ. ಕಚೇರಿಯಿಂದ ನನಗೆ ಮಾಂಜರಪಾಟದ ಥಾನು ಕೊಟ್ಟಿದ್ದರು. ಮಾಂಜರಪಾಟವೆಂದರೆ ಗಂಜಿ, ಬಣ್ಣ ಏನೂ ಇಲ್ಲದ ಬರೀ ಹತ್ತಿಯ ದಪ್ಪ ಬಟ್ಟೆ. ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಆ ಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆಯೇ ಚಂದ್ರವ್ವ ಎಂಬ ದರ್ಜಿಯ ಕಟ್ಟೆ ಇತ್ತು. ಗಂಡ ತೀರಿಹೋದ ಮೇಲೆ ಹೊಲಿಗೆ ಮಶಿನ್ ತುಳಿದು ಬದುಕುತ್ತಿದ್ದಳು. ಊರಿನ ಹೆಂಗಸರ ಕುಬಸಗಳೆಲ್ಲ ಅವಳ ಕೈಯವೇ. ಬಸ್ಸು ಕಾಯುತ್ತ ಕೂತವನಿಗೆ ತಲೆಯಲ್ಲಿ ಏನು ಹೊಕ್ಕಿತೋ, ಥಾನು ಬಿಚ್ಚಿ ನನಗೆ ಒಳಅಂಗಿಗಳನ್ನು ಹೊಲಿದುಕೊಡು ಎಂದೆ. ಪಟ್ಟಿಗೆ ಬೇಕಾದ ಬಟ್ಟೆ? ಅವಳ ಮಶಿನ್ ಕೆಳಗೆ ಚಿಂದಿಯ ಚೀಲ ಇತ್ತು.

"ಈ ಚಿಂದಿ ನನಗ ಬೇಕಾಗ್ಯಾದ ಚಂದ್ರವ್ವ."

"ಒಯ್ರಿ ಆಚಾರ್ರೇ. ಕೌದಿ ಹೊಲಿಸ್ತೀರೇನು?"

"ಮಣ್ಣಾಗ ಇಡ್ತೀನಿ."

ಅವಳು ನಕ್ಕಳು. "ಬಿತ್ತಿದ್ರ ಕುಬಸ ಹುಟ್ತಾವಂದ್ರ ನನಗೂ ಒಂದೆರಡು ಇಡ್ರಿ ಮತ್ತ."

ಆ ಚಿಂದಿಗಳನ್ನು ಕತ್ತರಿಸಿ, ತೂಗಿ, ಹೂತೆ. ಹೊಲದಲ್ಲಿ ಆಗ ಯಾರೂ ಇರಲಿಲ್ಲ, ಮನೆಯವರಿಗೂ ಹಾಳೆಯ ಸುದ್ದಿಯನ್ನಷ್ಟೇ ಹೇಳಿದ್ದೆವು. ಎಲ್ಲಿ ಹೂತೆನೆಂದು ಗೊತ್ತಾಗಲು ಒಂದೊಂದಕ್ಕೂ ದಾರ ಕಟ್ಟಿ ಸಣ್ಣ ಗೂಟಕ್ಕೆ ಬಿಗಿದೆ. ಗೂಟ ಕಾಣಲೆಂದು ತುದಿಗೆ ಕೆಂಪು ಬಣ್ಣ ಬಳಿದೆ. ಮಡಿಯ ಲೆಕ್ಕ ತಪ್ಪದಿರಲೆಂದು ಬಾಯಲ್ಲಿ ಎಣಿಸುತ್ತ ನಡೆದೆ. ಸಾಹೇಬರ ಕಾರ್ಯಕ್ರಮದಲ್ಲಿ ಸೋಮವಾರ ಎಂದು ಗೊತ್ತು ಮಾಡಿದ್ದರು. ಅಂದು ಅಮಾವಾಸ್ಯೆ ಎಂಬುದು ದಿನವೂ ಪಂಚಾಂಗ ನೋಡುವ ನನಗೇ ಹೊಳೆಯಲಿಲ್ಲ. ಅಮಾವಾಸ್ಯೆಯ ದಿನ, ಊರ ಹೆಂಗಸರ ಕುಬಸದ ತುಂಡು, ದಾರ, ಕೆಂಪು ಹಚ್ಚಿದ ಗೂಟ, ಪಿಟಿಪಿಟಿ ಎನ್ನುತ್ತ ಓಡಾಡುವ ಆಚಾರ್ಯ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನು ಇಷ್ಟನ್ನೂ ಒಟ್ಟಿಗೆ ಮಾಡಿ, ಏನನ್ನೂ ಅನುಮಾನಿಸದೆ ಬಸ್ಸು ಹತ್ತಿದ.

ಭಾನಾಮತಿ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಪೆಟ್ಟಿಗೆಯಲ್ಲಿಟ್ಟ ಸೀರೆ ತಾನೇ ಹರಿಯುತ್ತದೆ, ಒಣಹಾಕಿದ ಅಂಗಿ ತಾನೇ ಸುಡುತ್ತದೆ, ಮನೆಯವರಿಗೆ ಕೈಕಾಲು ಹಿಡಿದುಕೊಳ್ಳುತ್ತದೆ. ಯಾರೋ ಮಾಡಿಸಿದ ಕಾಟ, ಕಣ್ಣಿಗೆ ಕಾಣುವುದಿಲ್ಲ ಎಂದು ಜನ ನಂಬುತ್ತಾರೆ. ಮಾಡಿಸಿದವರು ಇಂಥವರೇ ಎಂದು ಒಮ್ಮೆ ಬಾಯಿಗೆ ಬಂದರೆ ಮುಗಿಯಿತು, ಅವರ ಬಾಳು ಹಾಳು.

ಕೆಲವು ವಾರಗಳ ಮೇಲೆ, ಸಸಿಯ ತೂತುಗಳಲ್ಲಿ ಬಂದ ಹುಲ್ಲು ಕೀಳುವ ಹೆಂಗಸೊಬ್ಬಳ ಕೈಗೆ ದಾರ ಸಿಕ್ಕಿತು. ಎಳೆದಳು. ಅರ್ಧ ತಿಂದುಹೋದ, ಲೋಳೆಗಟ್ಟಿದ, ಕೆಂಪು ಹಳದಿ ಕಪ್ಪು ಚುಕ್ಕೆಗಳೆದ್ದ ಬಟ್ಟೆ ಬಂತು. ಆ ಚುಕ್ಕೆಗಳು ಬೂಷ್ಟಿನವು. ಪ್ರಯೋಗದ ಲೆಕ್ಕದಲ್ಲಿ ಬಹಳ ಒಳ್ಳೆಯ ಲಕ್ಷಣ. ಗುರುಬಾಯಿ ಅದನ್ನು ನೋಡಿ, "ಇದು ನಂದೇ ಖಣ! ದೀಪಾವಳಿಗಿ ಹೊಲಿಸಿದ್ದು!" ಎಂದು ಕೂಗಿಕೊಂಡಳು. ಅವಳಿಗೆ ಮೊಣಕಾಲು ನೋವು ಶುರುವಾಗಿದ್ದೂ ದೀಪಾವಳಿಯ ಸುಮಾರಿಗೇ. ಇನ್ನೊಂದು ದಾರ ಎಳೆದರೆ ಸೊಸೆಯ ಕುಬಸದ ತುಂಡು. ಮೂರನೆಯದು ಪಕ್ಕದ ಮನೆಯವಳದು.

ನಾನು ವಾರದ ಭೇಟಿಗೆ ಹೋದಾಗ ಹಳ್ಳಿಯ ಜನವೆಲ್ಲ ಚಂದ್ರವ್ವನ ಕಟ್ಟೆಯ ಮುಂದಿದ್ದರು. ಚಿಂದಿ ಎಲ್ಲರದೂ ಯಾರ ಹತ್ತಿರ ಇರುತ್ತದೆ? ದರ್ಜಿಯ ಹತ್ತಿರ. ಇನ್ನೇನು ಸಾಕ್ಷಿ ಬೇಕು? ಚಂದ್ರವ್ವ ಮಶಿನ್ ಮುಂದೆ ಕೂತೇ ಇದ್ದಳು. ಎದ್ದರೆ ಯಾರಾದರೂ ಮಶಿನ್ ಎತ್ತಿಕೊಂಡು ಹೋದಾರು ಎಂಬಂತೆ ಎರಡೂ ಕೈಯಿಂದ ಅದನ್ನು ಹಿಡಿದಿದ್ದಳು.

ಶಿವಶರಣಪ್ಪ ನನ್ನನ್ನು ಕಂಡು, "ಹಾಂ, ಛಲೋ ಬಂದ್ರಿ. ಈಕಿ ಚಿಂದಿ ಎಲ್ಲಾ ಆಚಾರ್ರಿಗಿ ಕೊಟ್ಟೀನಿ ಅಂತಾಳ. ಖರೇ ಏನ್ರಿ?" ಎಂದ.

ಚಂದ್ರವ್ವ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಬಂದೇ ಬಿಟ್ಟರಲ್ಲ, ಇನ್ನು ಮುಗಿಯಿತು ಎಂಬ ನಿರಾಳ ಇತ್ತು.

ನನ್ನ ಮೈಮೇಲೆ ಕಚೇರಿಯ ಮಾಂಜರಪಾಟ ಇತ್ತು. ಹೌದೆಂದರೆ, ಚಿಂದಿ ಏಕೆ, ಥಾನು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. "ನನಗ್ಯಾಕ ಬೇಕು ಚಿಂದಿ?" ಎಂದೆ.

ಇಷ್ಟೇ. ಮೂರು ಶಬ್ದ. ಆಮೇಲೆ ಬಸ್ಸು ಬಂತು, ಹತ್ತಿದೆ.

ಎರಡು ದಿನಗಳಲ್ಲಿ ಆ ಊರಿನಲ್ಲಿ ಏನೇನು ನಡೆಯಿತೆಂದು ಆಮೇಲೆ ತಿಳಿಯಿತು. ಹೊಲಿಯಲು ಕೊಟ್ಟಿದ್ದ ಕುಬಸದ ಖಣಗಳನ್ನೆಲ್ಲ ಹೆಂಗಸರು ವಾಪಸು ಒಯ್ದರು. ನಳದ ಹತ್ತಿರ ಅವಳು ಬಂದರೆ ಕೊಡ ಎತ್ತಿಕೊಂಡು ಸರಿದರು. ಬರುವ ಸಂತೆಯೊಳಗೆ ಊರು ಬಿಡು ಎಂದರು. ಮೂರನೆಯ ದಿನ, ಪಟ್ಟಿಗಳನ್ನು ಕೀಳುವ ಸರದಿ ಬಂತೆಂದು ಸಾಹೇಬರು ತಕ್ಕಡಿ ಹಿಡಿದು ನನ್ನನ್ನೂ ಕರೆದುಕೊಂಡು ಹೊರಟರು. ಅವರಿಗೆ ಏನೂ ಗೊತ್ತಿಲ್ಲ. ನಾನು ಹೇಳಿರಲಿಲ್ಲ.

ಹೊಲದಲ್ಲಿ ಜನ ಸೇರಿದ್ದನ್ನು ಕಂಡು ಸಾಹೇಬರಿಗೆ ಆನಂದವಾಯಿತು. ರೈತರಿಗೆ ವಿಜ್ಞಾನದಲ್ಲಿ ಇಷ್ಟು ಆಸಕ್ತಿ ಎಂದು ಅವರು ಎಣಿಸಿರಲಿಲ್ಲ. ಬದುವಿನ ಮೇಲೆ ನಿಂತು ಭಾಷಣ ಶುರುಮಾಡಿದರು.

"ನೋಡಿ, ಈ ಮಣ್ಣಲ್ಲಿ ಕೋಟ್ಯಂತರ ಜೀವಿಗಳಿವೆ. ನಮ್ಮ ಕಣ್ಣಿಗೆ ಕಾಣೋದಿಲ್ಲ."

"ಹೌದ್ರಿ," ಎಂದರು ಜನ. ಇದರಲ್ಲಿ ಅವರಿಗೆ ತಕರಾರಿರಲಿಲ್ಲ.

"ಬಟ್ಟೆ ತಿನ್ನೋದು ಅವೇ."

"ಖರೇ ಮಾತು."

"ಎಲ್ಲಿ ಅವು ಜೋರಾಗಿವೆ, ಎಲ್ಲಿ ಸತ್ತಿವೆ ಅಂತ ತಿಳಿಯೋಕೆ ನಾವೇ ಬಟ್ಟೆ ಹೂಳಿಸಿದ್ದೀವಿ."

ಗುರುಬಾಯಿ ಜನರನ್ನು ಸರಿಸಿ ಬದುವಿನ ಹತ್ತಿರ ಬಂದಳು.

"ನೀವ ಹೂಳಿಸೀರಿ?" ಎಂದಳು ಗುರುಬಾಯಿ.

"ಹೂಂ, ನಾವೇ ಅಮ್ಮ."

"ಯಾರು ಹೇಳಿದ್ರು?"

"ಸರ್ಕಾರದ ಯೋಜನೆ ಇದು."

"ಯವ್ವಾ! ಸರಕಾರದವರು ಸುದ್ದಾ ಭಾನಾಮತಿ ಸುರು ಮಾಡ್ಯಾರ!" ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಿಂದಿನಿಂದ ಯಾರೋ, "ಬಿಡಿಸಲಿಕ್ಕೂ ಯೋಜನಾ ಅದ ಏನ್ ಕೇಳ್ರಿ" ಎಂದರು.

ಸಾಹೇಬರು ಅರ್ಥವಾಗದೆ ಒಂದು ದಾರ ಎಳೆದರು. ಹಳದಿ ಹೂವಿನ ತುಂಡು ಬಂತು. "ಇದೇನ್ರೀ ಆಚಾರ್ಯರೇ, ಹೂವಿನ ಬಟ್ಟೆ? ನಾನು ಕೊಟ್ಟ ಮಾಂಜರಪಾಟ ಎಲ್ಲಿ?"

ಜನರ ಹಿಂದಿನಿಂದ ಚಂದ್ರವ್ವ ಮುಂದೆ ಬಂದಳು. "ಈಗರೆ ಹೇಳ್ರಿ ಆಚಾರ್ರೇ," ಎಂದಳು. ದನಿ ಎತ್ತರಿಸಲಿಲ್ಲ.

"ಮೈಮ್ಯಾಲ ಅದ ಸರ್," ಎಂದೆ.

"ಯಾರ ಮೈಮೇಲೆ?"

ನಾನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಊರ ಜನರೆದುರು, ಟಮಾಟಿ ಮಡಿಯ ಮೇಲೆ, ಸಂಶೋಧನೆಯ ಮಾದರಿ ಬೆವರು ಕುಡಿದು ನನ್ನ ಎದೆಗೆ ಅಂಟಿಕೊಂಡಿತ್ತು. ಎಲ್ಲವನ್ನೂ ಹೇಳಿದೆ. ಚಿಂದಿ ಕೇಳಿದವನು ನಾನು, ಹೂತವನು ನಾನು, ಕೇಳಿದಾಗ ಸುಳ್ಳು ಹೇಳಿದವನೂ ನಾನು, ಈಕೆಯದು ಏನೂ ತಪ್ಪಿಲ್ಲ ಎಂದೆ. ಸಾಹೇಬರು ನನ್ನ ಒಳಅಂಗಿಯನ್ನು ಬಹಳ ಹೊತ್ತು ನೋಡಿ, "ಇದು ಸವೆದಿರೋದನ್ನಾದರೂ ತೂಗೋಣ್ವಾ?" ಎಂದರು. ತಮಾಷೆಗೋ ಸಿಟ್ಟಿಗೋ ಇವತ್ತಿಗೂ ತಿಳಿದಿಲ್ಲ.

ಉಳಿದ ಪಟ್ಟಿಗಳನ್ನು ತೆಗೆಯಲೇಬೇಕಿತ್ತು. ಸಾಹೇಬರಿಗೆ ತೂಕ ಬೇಕು, ಜನರಿಗೆ ಪರಿಹಾರ ಬೇಕು. ಹಾಗಾಗಿ ಒಂದೊಂದು ಪಟ್ಟಿಯನ್ನೂ ಮೊದಲು ಗುರುಬಾಯಿ ನಿಂಬೆಹಣ್ಣು ನಿವಾಳಿಸಿ ಇಳಿ ತೆಗೆಯುವುದು, ಆಮೇಲೆ ಸಾಹೇಬರು ತೂಗುವುದು ಎಂದಾಯಿತು. ನಿಂಬೆರಸ ಪಟ್ಟಿಗೆ ತಾಗಬಾರದು ಎಂದು ಸಾಹೇಬರು ಅಂಗಲಾಚುತ್ತಿದ್ದರು. ಕೆಲವು ಪಟ್ಟಿಗಳು ಹೂತಾಗ ಇದ್ದಂತೆಯೇ ಹೊಳೆಯುತ್ತ ಬಂದವು. ಅವು ಟೆರಿಕಾಟ್. ಸೂಕ್ಷ್ಮಜೀವಿಗಳಿಗೆ ಪ್ಲಾಸ್ಟಿಕ್ ಹಾಳೆ ಹೇಗೋ ಟೆರಿಕಾಟಿನ ದಾರವೂ ಹಾಗೆಯೇ, ತಿನ್ನಲು ಬರುವುದಿಲ್ಲ. ಯಾವುದು ಹತ್ತಿ, ಯಾವುದು ಮಿಶ್ರ ಎಂದು ನೋಡದೆ ಹೂತಿದ್ದೆ. ಪ್ರಯೋಗ ಪೂರ್ತಿ ಕೆಟ್ಟಿತು. ಜನ ಆ ಹೊಳೆಯುವ ಪಟ್ಟಿಗಳನ್ನು ಕಂಡು ಇವು ಭಾಳ ಕಡಕ್ ಎಂದು ಎರಡೆರಡು ನಿಂಬೆಹಣ್ಣು ಕೊಯ್ದರು.

ಅಲ್ಲಿಗೆ ಚಂದ್ರವ್ವನ ಕಾಟ ತಪ್ಪಿತೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಜನ ನನ್ನ ತಪ್ಪೊಪ್ಪಿಗೆಯನ್ನು ತಮಗೆ ಬೇಕಾದಂತೆ ತೆಗೆದುಕೊಂಡರು. ಆಚಾರ್ರಿಗೆ ಮಂತ್ರ ಗೊತ್ತು, ಒಪ್ಪಿಕೊಂಡರಲ್ಲ! ಮುಂದಿನ ವಾರ ಹೋದರೆ ಬಸ್ಸಿನಿಂದ ಇಳಿಯುವಾಗಲೇ ತೆಂಗಿನಕಾಯಿ ಹಿಡಿದು ನಿಂತಿದ್ದರು. ಎಮ್ಮೆ ಹಾಲು ಕೊಡುತ್ತಿಲ್ಲ, ಸೊಸೆ ಮಾತಾಡುತ್ತಿಲ್ಲ, ಮಗ ಪರೀಕ್ಷೆ ಪಾಸಾಗುತ್ತಿಲ್ಲ. ಹೂತ ನನಗೆ ಕುರ್ಚಿ ಹಾಕಿದರು. ಚಿಂದಿ ಕೊಟ್ಟ ಚಂದ್ರವ್ವನ ಕಟ್ಟೆ ಮಾತ್ರ ಖಾಲಿಯೇ ಇತ್ತು.

"ನಾನೇ ಮಾಡೀನಿ ಅಂದೆನಲ್ಲ ಆಯಿ. ಆಕಿಗ್ಯಾಕ ಶಿಕ್ಷಾ?" ಎಂದು ಗುರುಬಾಯಿಯನ್ನು ಕೇಳಿದೆ.

"ನೀವು ದೊಡ್ಡವ್ರು, ಮಾಡ್ತೀರಿ, ಬಿಡಿಸ್ತೀರಿ. ಆಕಿಗಿ ಬಿಡಿಸಲಿಕ್ಕ ಬರ್ತಾದೇನು? ಅದಿರಲಿ, ನನ್ನ ಮೊಣಕಾಲಿಗಿ ಏನರೆ ಹೇಳ್ರಿ."

ಮಕ್ಕಳೇ, ನಾನು ಆಗ ಮಾಡಿದ್ದು ಮೊದಲ ತಪ್ಪಿಗಿಂತ ದೊಡ್ಡದು. ಕಣ್ಣು ಮುಚ್ಚಿದೆ, ಬೆರಳು ಎಣಿಸಿದೆ. "ಹೊಸಾ ಹತ್ತಿ ಖಣ ತಗೋ ಆಯಿ. ಯಾವ ಕೈ ಕತ್ತರಿಸ್ಯಾದೋ ಅದೇ ಕೈಲೆ ಹೊಲಿಸಿ ಹಾಕ್ಕೋ. ಬಿಡ್ತಾದ" ಎಂದೆ. ಬಂದವರಿಗೆಲ್ಲ ಅದನ್ನೇ ಹೇಳಿದೆ. ಎಮ್ಮೆಯ ವಿಷಯಕ್ಕೂ ಅದೇ ಪರಿಹಾರ. ಎಮ್ಮೆಗೆ ಬೇಡ, ಹಾಲು ಹಿಂಡುವವಳಿಗೆ.

ಹದಿನೈದು ದಿನದಲ್ಲಿ ಚಂದ್ರವ್ವನ ಕಟ್ಟೆಯ ಮೇಲೆ ಖಣಗಳ ರಾಶಿ ಬಿತ್ತು. ಪಕ್ಕದ ಊರುಗಳಿಂದಲೂ ಬಂದರು. ಉಪಾಯ ಫಲಿಸಿತೆಂದು ನಾನು ನಗುತ್ತ ಅವಳ ಮುಂದೆ ಹೋಗಿ ನಿಂತೆ. ಅವಳು ಮಶಿನ್ ನಿಲ್ಲಿಸಲಿಲ್ಲ.

"ಛಲೋ ನಡದಾದಲ್ಲ ಚಂದ್ರವ್ವ?"

"ನಡದಾದ್ರಿ. ಮೊದಲ ಇವರಿಗಿ ನಾ ದರ್ಜಿ ಇದ್ದೆ. ತೋಳು ಬಿಗಿ ಆಗ್ಯಾದ, ಬೆನ್ನು ಸಡಲ ಆಗ್ಯಾದ ಅಂತ ಜಗಳಾಡ್ತಿದ್ರು. ಈಗ ಹ್ಯಾಂಗ ಹೊಲದ್ರೂ ಕಣ್ಣಿಗಿ ಒತ್ತಿಕೊಂಡು ಒಯ್ತಾರ. ನನ್ನ ಕೂಡ ಒಂದು ಮಾತಾಡಂಗಿಲ್ಲ. ದೂರ ಇಟ್ಟು ಹೋಗ್ತಾರ. ನಾ ಈಗ ಔಷಧ ಆಗೀನ್ರಿ ಆಚಾರ್ರೇ."

ಇದೆಲ್ಲ ಸುಳ್ಳು ಎಂದು ಜನರಿಗೆ ಹೇಳಲೇ ಎಂದು ಕೇಳಿದೆ.

"ಹೇಳಿದ್ರ ಇಷ್ಟೂ ಹೋಗ್ತಾದ," ಎಂದಳು.

ಆ ಮಳೆಗಾಲಕ್ಕೆ ಮುಂಚೆ ಅವಳು ಮಶಿನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಊರು ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಗುರುಬಾಯಿ ಮಾತ್ರ, ತನ್ನ ಇನ್ನೊಂದು ಮೊಣಕಾಲಿಗೆ ಯಾರು ಹೊಲಿಯುತ್ತಾರೆ ಎಂದು ನನ್ನನ್ನು ಕೇಳಿದಳು.

ಪ್ರಯೋಗವನ್ನು ಮುಂದೆ ಚಿಂಚೋಳಿ ಕಡೆ ಮತ್ತೆ ಮಾಡಿದೆವು. ಈ ಸಲ ಬಟ್ಟೆಯನ್ನು ಸಾಹೇಬರೇ ಕತ್ತರಿಸಿದರು, ಹೂಳುವಾಗ ಊರವರನ್ನು ಕರೆದು ತೋರಿಸಿದೆವು. ಕಂಡದ್ದನ್ನು ಹೇಳುತ್ತೇನೆ. ಬೇಸಿಗೆಯಲ್ಲಿ ಬರೀ ಮಣ್ಣಿನ ಪಟ್ಟಿ ಹೆಚ್ಚು ಕೆಡಲಿಲ್ಲ, ಒಣಗಿದ ಮಣ್ಣಲ್ಲಿ ಜೀವಿಗಳು ಸುಸ್ತಾಗಿರುತ್ತವೆ. ಎರಡೂ ಹಾಳೆಗಳ ಕೆಳಗೆ ತೇವ ಇದ್ದುದರಿಂದ ಬಟ್ಟೆ ಬೇಗ ಹೋಯಿತು. ಕರಗುವ ಹಾಳೆಯ ಮಣ್ಣೊಳಗಿನ ಅಂಚನ್ನು ಜೀವಿಗಳು ತಿನ್ನತೊಡಗಿದ್ದವು, ಅಲ್ಲಿ ಬೂಷ್ಟೂ ಹೆಚ್ಚಿತ್ತು. ಮೇಲಿನ ಭಾಗ ಮಾತ್ರ ಬಿಸಿಲಿಗೆ ಹಪ್ಪಳದಂತೆ ಒಡೆದು ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಹಾಗಾದರೆ ಪ್ಲಾಸ್ಟಿಕ್ ಮಣ್ಣಿಗೆ ಒಳ್ಳೆಯದೇ ಎಂದು ನೀವು ಕೇಳಬಹುದು. ಒಂದು ಬೆಳೆಯ ಲೆಕ್ಕ ಬೇರೆ, ಹತ್ತು ವರ್ಷ ಚೂರುಗಳು ಕೂಡುತ್ತ ಹೋದ ಹೊಲದ ಲೆಕ್ಕ ಬೇರೆ. ಮೇಲಾಗಿ ಬಟ್ಟೆ ಹೂತರೆ ಬಟ್ಟೆ ತಿನ್ನುವವರ ಸುದ್ದಿ ಮಾತ್ರ ತಿಳಿಯುತ್ತದೆ. ಮಣ್ಣಲ್ಲಿ ಬೇರೆ ಎಷ್ಟೋ ಜನ ಇದ್ದಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ನಾನು ಬರೆಯಲಿಲ್ಲ.

ನಿವೃತ್ತಿಯಾದ ವರ್ಷ ಚಂದ್ರವ್ವ ಶಹಾಬಾದಿನಲ್ಲಿ ಅಂಗಡಿ ಇಟ್ಟಿದ್ದಾಳೆಂದು ತಿಳಿದು ವಾಡಿಯಲ್ಲಿ ರೈಲು ಹಿಡಿದು ಹೋದೆ. ಸಣ್ಣ ಅಂಗಡಿ, ಗಿರಾಕಿಗಳು ಗದ್ದಲ ಮಾಡುತ್ತಿದ್ದರು. ಒಬ್ಬಾಕೆ, "ಏ ಚಂದ್ರವ್ವ, ಈ ತೋಳು ನೋಡು, ನನಗ ಹೊಲದಿಯೋ ನಮ್ಮ ಎಮ್ಮಿಗಿ ಹೊಲದಿಯೋ?" ಎಂದು ಜಗಳ ತೆಗೆದಿದ್ದಳು. ಚಂದ್ರವ್ವ, "ಮೈ ನೀ ಬೆಳಸೀದಿ, ಬೈಗುಳ ನನಗ?" ಎಂದು ನಗುತ್ತಿದ್ದಳು.

ಎಲ್ಲರ ಮುಂದೆ ತಪ್ಪು ಮಾಡಿದವನು ಎಲ್ಲರ ಮುಂದೆಯೇ ಕ್ಷಮೆ ಕೇಳಬೇಕೆಂದು ನನ್ನ ಲೆಕ್ಕ. ಕೈ ಮುಗಿದು ಶುರುಮಾಡಿದೆ. ಚಿಂದಿ, ಗೂಟ, ಭಾನಾಮತಿ. ಜಗಳವಾಡುತ್ತಿದ್ದಾಕೆ ಕೈಯಲ್ಲಿದ್ದ ಕುಬಸವನ್ನು ಮೆಲ್ಲಗೆ ಮಡಚಿ, "ಇರಲಿ ಬಿಡವ್ವ, ಬಿಗಿ ಏನಿಲ್ಲ" ಎಂದಳು.

ಚಂದ್ರವ್ವ ಎದ್ದು ಬಂದು ನನ್ನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ತಗ್ಗಿದ ದನಿಯಲ್ಲಿ ಹೇಳಿದಳು: "ಆಚಾರ್ರೇ, ಸುಳ್ಳು ಹೇಳಿ ಒಂದು ಊರು ಬಿಡಿಸಿದ್ರಿ. ಖರೇ ಹೇಳಿ ಇನ್ನೊಂದು ಬಿಡಸಬ್ಯಾಡ್ರಿ. ನಿಮ್ಮ ಕಾಲು ಹಿಡೀತೀನಿ, ಸುಮ್ಮ ಹೋಗ್ರಿ."

ನಾನು ಗಿರಾಕಿಗಳ ಕಡೆ ತಿರುಗಿ, ನನಗೆ ವಯಸ್ಸಾಗಿದೆ, ಊರು ತಪ್ಪಿದೆ, ನಾನು ಹುಡುಕುವ ಚಂದ್ರವ್ವ ಬೇರೆ ಯಾರೋ ಎಂದೆ. ಜಗಳ ತೆಗೆದಿದ್ದಾಕೆ ಮಡಚಿದ ಕುಬಸವನ್ನು ಮತ್ತೆ ಬಿಚ್ಚಿ ತೋರಿಸಿದಳೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ.

ಆ ದರ್ಜಿಯ ನಿಜವಾದ ಹೆಸರು ಚಂದ್ರವ್ವ ಅಲ್ಲ. ಅಂಗಡಿ ಶಹಾಬಾದಿನಲ್ಲಿ ಇಲ್ಲ. ಯಾರೂ ಹುಡುಕಿಕೊಂಡು ಹೋಗಬೇಡಿ. ಅಕಸ್ಮಾತ್ ನಿಮ್ಮ ಊರಿನ ದರ್ಜಿ ಆಕೆಯೇ ಇದ್ದಾಳು ಎಂಬ ಅನುಮಾನ ಬಂದರೆ, ಕುಬಸದ ತೋಳು ಬಿಗಿಯಾಗಿದೆ ಎಂದು ಅವಳ ಜೊತೆ ಜಗಳವಾಡಿ.